ಬೇಸಾಯಗಾರನ ಜೇಬಿನ ಚಾಕು

ವ್ಯವಸಾಯದ ಉಪಕರಣಗಳ ಮಾತು ಬಂದಾಗಲೆಲ್ಲಾ ನೇಗಿಲು, ಕುಂಟೆ, ಕೂರಿಗೆ, ಪಂಪು, ಟ್ರಾಕ್ಟರು ಇವುಗಳ ವಿಚಾರವಾಗಿ ಬೇಕಾದಷ್ಟು ಚರ್ಚೆ ನಡೆಯುವುದುಂಟು. ಆದರೆ ದಿನವೊಂದಕ್ಕೆ ಹತ್ತಾರು ಸಲ ಕೈಗೆ ಬೇಕಾಗುವ ಒಂದು ಸಣ್ಣ ಸಲಕರಣೆಯ ವಿಷಯವನ್ನು ಮಾತ್ರ ಯಾರೂ ಎತ್ತುವುದಿಲ್ಲ. ಗೊಬ್ಬರದ ಚೀಲದ ಹೊಲಿಗೆಯನ್ನು ಬಿಚ್ಚಬೇಕು, ಹನಿ ನೀರಾವರಿಯ ಕೊಳವೆ ಒಡೆದ ಕಡೆ ಅದನ್ನು ತುಂಡುಮಾಡಿ ಜೋಡಿಸಬೇಕು, ಬಾಳೆನಾರನ್ನು ಸೀಳಬೇಕು, ಸಸಿಗೆ ಆಸರೆಯಾಗಿ ಕಟ್ಟಿದ ದಾರವು ಬಿಗಿದು ತೊಗಟೆಯೊಳಕ್ಕೆ ಇಳಿಯುತ್ತಿದ್ದರೆ ಅದನ್ನು ಕೊಯ್ದು ಸಡಿಲಿಸಬೇಕು, ಹತ್ತಿಕಾಯಿಯನ್ನು ಸೀಳಿ ಒಳಗೆ ಹುಳುವಿದೆಯೇ ಎಂದು ನೋಡಬೇಕು. ಇಂಥ ಕೆಲಸಗಳಿಗೆಲ್ಲಾ ಅನೇಕ ಜಮೀನುದಾರರು ಉಪಯೋಗಿಸುವುದು ತಮ್ಮ ಹಲ್ಲನ್ನು, ಉಗುರನ್ನು, ಇಲ್ಲವೇ ಪಕ್ಕದಲ್ಲಿ ದುಡಿಯುತ್ತಿರುವವರಿಂದ ಇಸಿದುಕೊಂಡ ಕುಡುಗೋಲನ್ನು. ಹಲ್ಲಿನಿಂದ ಗೊಬ್ಬರದ ಚೀಲದ ದಾರವನ್ನು ಕಚ್ಚುವುದು ಎಷ್ಟು ಅಸಹ್ಯವೋ, ಒಂದು ಸಣ್ಣ ದಾರಕ್ಕಾಗಿ ಕುಡುಗೋಲನ್ನು ಬೀಸುವುದು ಅಷ್ಟೇ ಅಪಾಯಕರ.

ಚಾಕುವಿಲ್ಲದ ಮನೆ ಎಂಬುದಿಲ್ಲ. ಆದರೆ ಅದು ಇರುವುದು ಅಡಿಗೆಮನೆಯಲ್ಲಿ. ಅದರ ಅವಶ್ಯಕತೆ ಬೀಳುವುದು ಹೊಲದಲ್ಲಿ. ಹಿಂದಿನ ಯಜಮಾನರು ಎಲೆಯಡಿಕೆಯ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಡುತ್ತಿದ್ದ ಕಾಲದಲ್ಲಿ ಅದರೊಳಗೆ ಸುಣ್ಣದ ಕಾಯಿ, ಅಡಕತ್ತರಿಗಳ ಜೊತೆಗೆ ಒಂದು ಸಣ್ಣ ಚಾಕುವಿಗೂ ಸ್ಥಳವಿರುತ್ತಿತ್ತು. ಸಂಚಿಯು ಬಹುಮಟ್ಟಿಗೆ ಮರೆಯಾಯಿತು. ಅದರೊಡನೆ ಚಾಕುವೂ ಹೋಯಿತು. ಮಲೆನಾಡಿನಲ್ಲಿ ಕೆಲಸಗಾರರು ಈಗಲೂ ಸೊಂಟದ ಕೊಕ್ಕೆಗೆ ಕತ್ತಿಯನ್ನು ಸಿಕ್ಕಿಸಿಕೊಂಡು ತೋಟಕ್ಕೆ ಇಳಿಯುತ್ತಾರೆ. ಅದು ಕೊಂಬೆ ಸವರುವುದಕ್ಕೆ ಯೋಗ್ಯವಾದ ಆಯುಧವೇ ಹೊರತು ಕೊಳವೆ ಕೊಯ್ಯುವುದಕ್ಕೂ ಕಾಯಿ ಸೀಳುವುದಕ್ಕೂ ತಕ್ಕದ್ದಲ್ಲ.

ಮಡಿಸುವ ಚಾಕುವನ್ನು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ. ಅಂಗಡಿಯಲ್ಲಿ ಕೈಗೆ ತೂಕವಾಗಿ ತೋರುವುದನ್ನೂ, ಅಲಗು ಉದ್ದವಾಗಿರುವುದನ್ನೂ, ಗರಗಸ, ತಿರುಪುಳಿ, ಕತ್ತರಿ ಮುಂತಾದ ಹತ್ತಾರು ಅಂಗಗಳು ಸೇರಿರುವುದನ್ನೂ ಆರಿಸಿಕೊಳ್ಳುತ್ತಾರೆ. ಹಣ ಕೊಟ್ಟಮೇಲೆ ತೂಕವಾದರೂ ಬರಲಿ ಎಂಬ ಈ ಬುದ್ಧಿಯು ನೇಗಿಲಿನ ಗುಳವನ್ನು ಕೊಳ್ಳುವಾಗ ಸರಿಹೋಗಬಹುದು. ಜೇಬಿನ ಚಾಕುವಿನ ವಿಷಯದಲ್ಲಿ ಅದು ತಲೆಕೆಳಗಾದ ಲೆಕ್ಕ. 200 ಗ್ರಾಂ ತೂಕದ ಚಾಕು ಅಂಗಿಯ ಜೇಬನ್ನು ಜಗ್ಗುತ್ತದೆ. ಬಾವಿಯೊಳಕ್ಕೆ ಬಗ್ಗಿ ನೋಡುವಾಗ ಜಾರಿ ಬೀಳುತ್ತದೆ. ಕುಳಿತರೆ ತೊಡೆಗೆ ಒತ್ತುತ್ತದೆ. ಮೊದಲನೆಯ ವಾರ ಉತ್ಸಾಹದಿಂದ ಇಟ್ಟುಕೊಂಡು, ಎರಡನೆಯ ವಾರ ಬೇಸರಪಟ್ಟು, ಮೂರನೆಯ ವಾರ ಅದನ್ನು ಗೂಡಿನಲ್ಲಿಟ್ಟು ಹೋಗುತ್ತಾರೆ. ಆ ಬಳಿಕ ಅದರ ಉಕ್ಕು ಎಷ್ಟು ಉತ್ತಮವಾಗಿದ್ದರೂ ಪ್ರಯೋಜನವೇನು? ಆದಕಾರಣ ಪ್ರತಿನಿತ್ಯವೂ ಇಟ್ಟುಕೊಳ್ಳತಕ್ಕ ಚಾಕುವಿನಲ್ಲಿ ಎಲ್ಲಕ್ಕಿಂತ ಮೊದಲು ನೋಡತಕ್ಕ ಗುಣವು ಹಗುರ. ಮಿಕ್ಕ ಗುಣಗಳು ಅನಂತರದವು.

ಈ ಮಾತಿಗೆ ಇತರ ದೇಶಗಳ ಬೇಸಾಯಗಾರರ ಅನುಭವವೂ ಸಾಕ್ಷಿಯಾಗಿದೆ. ಫ್ರಾನ್ಸ್ ದೇಶದ ಸಾವೊಯ್ ಪ್ರಾಂತ್ಯವು ಆಲ್ಪ್ಸ್ ಬೆಟ್ಟಗಳ ನಾಡು. ಅಲ್ಲಿ ಕೊಡಲಿ, ಸವರುಗತ್ತಿ ಮೊದಲಾದ ಸಲಕರಣೆಗಳನ್ನು ತಯಾರಿಸುತ್ತಿದ್ದ ಒಂದು ಮನೆತನದ ಜೋಸೆಫ್ ಒಪಿನೆಲ್ ಎಂಬ ತರುಣನು 1890ರಲ್ಲಿ, ತನ್ನ 18ನೆಯ ವಯಸ್ಸಿನಲ್ಲಿ, ನೆರೆಹೊರೆಯ ರೈತರಿಗೆಂದು ಒಂದು ಮಡಿಸುವ ಚಾಕುವನ್ನು ನಿರ್ಮಿಸಿದನು. ಅದರಲ್ಲಿದ್ದುದು ಒಂದು ತೆಳುವಾದ ಅಲಗು, ಒಂದು ಮರದ ಹಿಡಿ, ಒಂದು ಮೊಳೆ, ಹಿಡಿಯ ಬಾಯಿಗೆ ಒಂದು ಲೋಹದ ಕಟ್ಟು, ಇಷ್ಟೇ. 1897ರಲ್ಲಿ ಇದೇ ಚಾಕುವನ್ನು 1ರಿಂದ 12ರವರೆಗೆ ಸಂಖ್ಯೆಯಿಟ್ಟು ಚಿಕ್ಕದರಿಂದ ದೊಡ್ಡದರವರೆಗೆ ತಯಾರಿಸಿದರು. ಇವುಗಳ ಪೈಕಿ ಬಹು ಪ್ರಸಿದ್ಧವಾದುದು 8ನೆಯ ಸಂಖ್ಯೆಯದು. ಅದರ ಅಲಗು 8.5 ಸೆಂಟಿಮೀಟರು, ತೂಕ ಸುಮಾರು 45 ಗ್ರಾಂ, ಎಂದರೆ ಹಳೆಯ ಲೆಕ್ಕದಲ್ಲಿ ನಾಲ್ಕು ತೊಲದಷ್ಟು. ರೊಟ್ಟಿ, ಗಿಣ್ಣು, ದ್ರಾಕ್ಷಿಯ ಬಳ್ಳಿ, ದನ ಕಟ್ಟುವ ಹಗ್ಗ ಎಲ್ಲಕ್ಕೂ ಆ ನಾಡಿನ ರೈತನಿಗೆ ಅದೊಂದೇ ಸಾಕಾಗುತ್ತಿತ್ತು. ಬಂಗಾರ ತೂಗುವ ಅಳತೆಯಲ್ಲಿ ತೂಗಬಹುದಾದ ಒಂದು ಚಾಕು ನೂರು ವರ್ಷಗಳಿಗೂ ಮೀರಿ ಒಂದು ಬೆಟ್ಟದ ಸೀಮೆಯ ಬೇಸಾಯಗಾರರ ಜೇಬಿನಲ್ಲಿ ಉಳಿದುಬಂದದ್ದು ಆಕಸ್ಮಿಕವಲ್ಲ.

ಸ್ವಿಟ್ಜರ್ಲೆಂಡಿನ ಕಥೆಯೂ ಇದನ್ನೇ ಹೇಳುತ್ತದೆ. ಈಬಾಖ್ ಎಂಬ ಊರಿನಲ್ಲಿ 1884ರಲ್ಲಿ ಚಾಕು ತಯಾರಿಕೆಯನ್ನು ಆರಂಭಿಸಿದ ಕಾರ್ಲ್ ಎಲ್ಸೆನರ್ ಎಂಬುವನು 1891ರಲ್ಲಿ ತನ್ನ ದೇಶದ ಸೈನ್ಯಕ್ಕೆ ಸಿಪಾಯಿಗಳ ಚಾಕುವನ್ನು ಒದಗಿಸಿದನು. ಅದು ಬಲವಾದುದೇ ಆಗಿದ್ದರೂ ಜೇಬಿಗೆ ಭಾರವೆನಿಸಿದ್ದರಿಂದ, ಅದಕ್ಕಿಂತ ಹಗುರವೂ ನಯವೂ ಆದ ಮತ್ತೊಂದನ್ನು ರೂಪಿಸಿ 1897ರಲ್ಲಿ ಅದಕ್ಕೆ ಹಕ್ಕುಪತ್ರವನ್ನು ಪಡೆದನು. ಇಂದು ಜಗತ್ತೆಲ್ಲಾ ಬಲ್ಲ ಕೆಂಪು ಹಿಡಿಯ ಸ್ವಿಸ್ ಚಾಕುವಿನ ಮೂಲ ಈ ಹಗುರವಾದ ಎರಡನೆಯದೇ.

ಹಾಗಾದರೆ ಅಳತೆ ಹೇಗಿರಬೇಕು? ಅಲಗು 7ರಿಂದ 8.5 ಸೆಂಟಿಮೀಟರು ಇದ್ದರೆ ನಿಂಬೆಯಿಂದ ಹಿಡಿದು ಮಾವಿನವರೆಗೆ ಯಾವ ಹಣ್ಣನ್ನಾದರೂ ಕೊಯ್ಯಬಹುದು. ಬೆರಳು ಗಾತ್ರದ ಹಗ್ಗವನ್ನೂ ತುಂಡರಿಸಬಹುದು. ಅಲಗಿನ ಬೆನ್ನು 2 ಮಿಲಿಮೀಟರಿಗೆ ಮೀರದಿದ್ದರೆ ಒಳ್ಳೆಯದು. ದಪ್ಪ ಅಲಗು ಬಲಶಾಲಿಯಾಗಿ ಕಾಣುತ್ತದೆ. ಆದರೆ ಅದು ಕೊಯ್ಯುವುದಿಲ್ಲ, ಬಿರಿಯುತ್ತದೆ. ಇಡೀ ಚಾಕುವಿನ ತೂಕವು 40ರಿಂದ 80 ಗ್ರಾಮಿನೊಳಗಿರಲಿ. ಹಿಡಿಯು ಮುಷ್ಟಿಯಲ್ಲಿ ತುಂಬುವಷ್ಟು ಇರಬೇಕೇ ಹೊರತು ಅಲಂಕಾರದ ಹಿತ್ತಾಳೆಯ ತಗಡುಗಳಿಂದ ತುಂಬಿರಬಾರದು. ಮರವಾಗಲಿ, ಕೊಂಬಾಗಲಿ, ಈಚಿನ ನೈಲಾನಾಗಲಿ ಆಗಬಹುದು. ಮರದ ಹಿಡಿಗೆ ಒಂದು ದೋಷವುಂಟು: ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿಕೊಂಡು ಅಲಗನ್ನು ಹಿಡಿದುಬಿಡುತ್ತದೆ. ಮೇಲೆ ಹೇಳಿದ ಫ್ರೆಂಚ್ ಚಾಕುವಿಗೂ ಈ ದೋಷ ತಪ್ಪಿದ್ದಲ್ಲ. ಸಾವೊಯ್ ನಾಡಿನವರು ಮಡಿಸಿದ ಚಾಕುವಿನ ಹಿಂಬದಿಯ ತುದಿಯನ್ನು ಮೇಜಿಗೋ ಕಲ್ಲಿಗೋ ಕುಟ್ಟಿ ಅಲಗನ್ನು ಹೊರಡಿಸುವರು. ಆಗುಂಬೆಯ ಮಳೆಯಲ್ಲಿ ದಿನಕ್ಕೆ ಹತ್ತು ಸಲ ಹೀಗೆ ಕುಟ್ಟುವ ತಾಳ್ಮೆ ಎಲ್ಲರಿಗೂ ಇರಲಾರದು. ಅಂಥವರಿಗೆ ನೈಲಾನಿನ ಹಿಡಿಯೇ ಲೇಸು.

ಉಕ್ಕಿನ ವಿಷಯದಲ್ಲಿ ಜನರಲ್ಲಿ ಎರಡು ಪಕ್ಷಗಳಿವೆ. ಹಳಬರು ಕರಿ ಉಕ್ಕನ್ನು ಮೆಚ್ಚುವರು, ಹೊಸಬರು ತುಕ್ಕು ಹಿಡಿಯದ ಬಿಳಿ ಉಕ್ಕನ್ನು. ಕರಿ ಉಕ್ಕೆಂದರೆ ಕಬ್ಬಿಣದಲ್ಲಿ ನೂರಕ್ಕೆ ಸುಮಾರು ಒಂದು ಪಾಲಿನಷ್ಟು ಇಂಗಾಲ ಸೇರಿರುವುದು; ಅದು ಬೇಗ ಹರಿತವಾಗುತ್ತದೆ, ಊರಿನ ಸಾಮಾನ್ಯ ಸಾಣೆಕಲ್ಲಿಗೂ ಮಣಿಯುತ್ತದೆ. ಆದರೆ ಅಡಿಕೆಯ ಚೊಗರು, ಬಾಳೆಯ ಕಲೆ, ನಿಂಬೆಯ ಹುಳಿ ಇವುಗಳಲ್ಲಿ ಯಾವುದು ತಗಲಿದರೂ ಕಪ್ಪಾಗುತ್ತದೆ. ಈ ಕಪ್ಪು ತುಕ್ಕಲ್ಲ. ಅಲಗಿಗೆ ಇದರಿಂದ ಹಾನಿಯಿಲ್ಲ. ಬೆವರಿನಲ್ಲಿ ನೆನೆದ ಜೇಬಿನಲ್ಲಿ ಒರೆಸದೆ ಇಟ್ಟಾಗ ಏಳುವ ಕೆಂಪು ಹುಡಿಯೇ ನಿಜವಾದ ತುಕ್ಕು, ಅದೇ ಅಲಗನ್ನು ತಿನ್ನುವುದು. ಬಿಳಿ ಉಕ್ಕಿನಲ್ಲಿ ನೂರಕ್ಕೆ 12 ಪಾಲಿಗೆ ಕಡಮೆಯಿಲ್ಲದಂತೆ ಕ್ರೋಮಿಯಂ ಎಂಬ ಲೋಹವು ಬೆರೆತಿರುತ್ತದೆ. ಇಂಗ್ಲೆಂಡಿನ ಷೆಫೀಲ್ಡಿನಲ್ಲಿ 1913ರಲ್ಲಿ ಹ್ಯಾರಿ ಬ್ರಿಯರ್ಲಿಯು ಇಂಥ ಉಕ್ಕನ್ನು ಎರಕಹೊಯ್ದ ಮೇಲೆ ಚಾಕುವಿನ ಉದ್ಯಮದ ರೀತಿಯೇ ಬದಲಾಯಿತು. ಮೊದಮೊದಲು ಇದರ ಅಲಗುಗಳು ಹರಿತವನ್ನು ಹಿಡಿಯಲಾರವೆಂಬ ಅಪವಾದವಿತ್ತು. ಇಂದಿನ ಒಳ್ಳೆಯ ತಯಾರಿಕೆಗಳ ಮೇಲೆ ಆ ಅಪವಾದವನ್ನು ಹೊರಿಸುವುದು ನ್ಯಾಯವಲ್ಲ. ಕರಾವಳಿ, ಮಲೆನಾಡುಗಳಲ್ಲಿರುವವರು ವಿವಾದಕ್ಕೆ ಹೋಗದೆ ಬಿಳಿ ಉಕ್ಕನ್ನೇ ಕೊಳ್ಳುವುದು ವಿಹಿತ. ಬಯಲುಸೀಮೆಯ ಒಣಹವೆಯಲ್ಲಿ, ಸಂಜೆ ಚಾಕುವನ್ನು ಒರೆಸಿ ಒಂದು ತೊಟ್ಟು ಕೊಬ್ಬರಿ ಎಣ್ಣೆಯನ್ನು ಸವರುವ ಅಭ್ಯಾಸವಿರುವವರಿಗೆ ಕರಿ ಉಕ್ಕು ಆಜನ್ಮ ಸಂಗಾತಿಯಾಗಿರಬಲ್ಲದು.

ಜಾತ್ರೆಯಲ್ಲಿಯೂ ಸಂತೆಯಲ್ಲಿಯೂ ರಾಶಿಹಾಕಿ ಮಾರುವ ಚಾಕುಗಳ ಮೇಲೆ ತುಕ್ಕು ಹಿಡಿಯದ್ದೆಂಬ ಮುದ್ರೆಯೇನೋ ಇರುತ್ತದೆ. ಆ ಮುದ್ರೆಯಿಂದ ತಿಳಿಯುವುದು ತುಕ್ಕಿನ ಮಾತೇ ಹೊರತು ಗಟ್ಟಿತನದ ಮಾತಲ್ಲ. ಪರೀಕ್ಷೆ ಸುಲಭ. ಕೊಂಡ ದಿನವೇ ಒಂದು ಹಳೆಯ ರಟ್ಟಿನ ಪೆಟ್ಟಿಗೆಯನ್ನು ಪಟ್ಟಿಪಟ್ಟಿಯಾಗಿ ಕೊಯ್ದು, ಆ ಮೇಲೆ ಅದೇ ಅಲಗನ್ನು ಮಾಗಿದ ಟೊಮೆಟೋ ಹಣ್ಣಿನ ಮೇಲೆ ಒತ್ತದೆ ಎಳೆಯಬೇಕು. ಸಿಪ್ಪೆಯು ತಾನಾಗಿ ಸೀಳಿದರೆ ಉಕ್ಕು ಯೋಗ್ಯ. ಹಣ್ಣು ಜಜ್ಜಿಹೋದರೆ ಆ ಚಾಕು ಪೆನ್ಸಿಲಿಗೂ ಅಲ್ಲ.

ಅಲಗನ್ನು ತೆರೆದಮೇಲೆ ಅದು ಮತ್ತೆ ಮಡಿಸಿಕೊಳ್ಳದಂತೆ ತಡೆಯುವ ಬೀಗದ ವಿಚಾರವು ಇನ್ನೂ ಮುಖ್ಯವಾದುದು. ಏಕೆಂದರೆ ಇಲ್ಲಿ ಪಣಕ್ಕಿಟ್ಟಿರುವುದು ಬೆರಳು. ಸಾಮಾನ್ಯ ಮಡಿಸುವ ಚಾಕುವಿನಲ್ಲಿ ಬೀಗವಿರುವುದಿಲ್ಲ. ಬೆನ್ನಿನಲ್ಲಿರುವ ಒಂದು ಕಮಾನು ಮಾತ್ರ ಅಲಗನ್ನು ಅದುಮಿ ಹಿಡಿದಿರುತ್ತದೆ. ಅಂಚನ್ನು ಒತ್ತಿ ಕೊಯ್ಯುವಾಗ ಒತ್ತಡವು ಅಲಗನ್ನು ತೆರೆಯುವ ದಿಕ್ಕಿಗೇ ಇರುವುದರಿಂದ ಭಯವಿಲ್ಲ. ಆದರೆ ಮೊನೆಯಿಂದ ಚುಚ್ಚುವಾಗ, ಕೊಳವೆಯಲ್ಲಿ ರಂಧ್ರ ಕೊರೆಯುವಾಗ, ಗಟ್ಟಿ ಮರದಲ್ಲಿ ಸಿಕ್ಕಿಕೊಂಡ ಅಲಗನ್ನು ಹಿಂದಕ್ಕೆ ಸೆಳೆಯುವಾಗ ಒತ್ತಡವು ತಿರುಗಿಬಿಡುತ್ತದೆ, ಕಮಾನು ಸೋಲುತ್ತದೆ, ಅಲಗು ಬಂದು ನಾಲ್ಕು ಬೆರಳುಗಳ ಮೇಲೆ ಮುಚ್ಚಿಕೊಳ್ಳುತ್ತದೆ. ತೋರುಬೆರಳಿನ ನರ ತುಂಡಾದರೆ ಆ ಕೈ ಮತ್ತೆ ಮೊದಲಿನಂತೆ ಹಾಲು ಕರೆಯಲಾರದು. ಒಪಿನೆಲ್ ಚಾಕುವಿಗೆ ಸಹ ಮೊದಲ 65 ವರ್ಷ ಬೀಗವಿರಲಿಲ್ಲ. 1955ರಲ್ಲಿ ಹಿಡಿಯ ಬಾಯಿಗೆ ತಿರುಗಿಸುವ ಒಂದು ಉಂಗುರವನ್ನು ಸೇರಿಸಿದರು. ಅದರಿಂದ ತೂಕ ಹೆಚ್ಚಿದ್ದು ಅತ್ಯಲ್ಪ, ದೊರೆತ ರಕ್ಷಣೆ ಬಹಳ. ಹಿಡಿಯೊಳಗಿನ ತಗಡು ಅಡ್ಡ ಬಂದು ಅಲಗಿನ ಬುಡವನ್ನು ತಡೆಯುವುದು, ಬೆನ್ನಿನ ಕೊಂಡಿಯು ಸಿಕ್ಕಿಕೊಳ್ಳುವುದು ಮೊದಲಾದ ಬೇರೆ ಬಗೆಗಳೂ ಇವೆ. ಯಾವ ಬಗೆಯಾದರೂ ಸರಿ, ಜಮೀನಿನಲ್ಲಿ ಉಪಯೋಗಿಸತಕ್ಕ ಚಾಕುವಿಗೆ ಬೀಗವಿರುವುದೇ ಲೇಸು. ಅಲಗು ತೆರೆದಿರುವಾಗ ಅದರ ಬೆನ್ನನ್ನು ಒಂದು ಮರದ ತುಂಡಿಗೆ ಮೆಲ್ಲಗೆ ಕುಟ್ಟಿ ನೋಡಿದರೆ ಬೀಗದ ಸತ್ವ ತಿಳಿದುಬರುತ್ತದೆ. ಹಾಗೆ ಮಾಡುವಾಗ ಬೆರಳುಗಳನ್ನು ಅಲಗಿನ ದಾರಿಯಿಂದ ಆಚೆಗಿಡಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಗುಂಡಿಯೊತ್ತಿದ ಕೂಡಲೇ ಖಟಕ್ಕನೆ ಹಾರಿ ತೆರೆದುಕೊಳ್ಳುವ ಚಾಕುಗಳ ಮೇಲೆ ತರುಣರಿಗೆ ಮೋಹವಿದೆ. ಉತ್ತರ ಪ್ರದೇಶದ ರಾಂಪುರದ ಹೆಸರನ್ನು ಹೊತ್ತ ಉದ್ದ ಅಲಗಿನ ಚಾಕುವನ್ನು ಚಲನಚಿತ್ರಗಳು ಮನೆಮನೆಗೂ ಪರಿಚಯಿಸಿವೆ. ಇಂಥವು ಬೇಸಾಯಗಾರನಿಗೆ ಯಾವ ರೀತಿಯಲ್ಲಿಯೂ ಅಗತ್ಯವಿಲ್ಲ. 1959ರ ಶಸ್ತ್ರ ಕಾಯಿದೆಯ ಕೆಳಗೆ ರಚಿತವಾದ ನಿಯಮಗಳು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಳ್ಳವನ್ನು ಆಯುಧಗಳ ಪಟ್ಟಿಗೆ ಸೇರಿಸಿ, ಗೃಹಕೃತ್ಯಕ್ಕೂ ವ್ಯವಸಾಯಕ್ಕೂ ಮಾಡಿದವನ್ನು ಅದರಿಂದ ಬಿಟ್ಟಿವೆ. ಮೂರು ಅಂಗುಲದ ಹಣ್ಣು ಕೊಯ್ಯುವ ಚಾಕು ಈ ಅಳತೆಗೆ ಎಲ್ಲಿಯೂ ಮುಟ್ಟುವುದಿಲ್ಲ. ಆದರೂ ಗ್ರಾಮದ ಯಜಮಾನರು ಕಾಯಿದೆಯ ಅಕ್ಷರವೊಂದನ್ನೇ ನೋಡಿದರೆ ಸಾಲದು. ಗಡಿ ತಂಟೆಯ ಪಂಚಾಯಿತಿಗೆ ಕುಳಿತಾಗ ಮಧ್ಯಸ್ಥರ ಸೊಂಟದಲ್ಲಿ ಉದ್ದವಾದ ಚಾಕು ಕಂಡರೆ ಎದುರಿನ ಪಕ್ಷದವನು ಏನೆಂದುಕೊಂಡಾನು? ಬಣ್ಣದ ಹಿಡಿಯ ಒಂದು ಸಣ್ಣ ಚಾಕುವಿನಿಂದ ಮಾವಿನಹಣ್ಣನ್ನು ಹೆಚ್ಚಿ ಎರಡೂ ಪಕ್ಷಗಳವರಿಗೆ ಕೊಟ್ಟರೆ ಯಾರೂ ಅಂಜುವುದಿಲ್ಲ. ಊರಿನ ಹುಡುಗರು ಮುಂದೆ ಎಂಥ ಚಾಕುವನ್ನು ಕೊಳ್ಳುವರೆಂಬುದು ಬಹುಮಟ್ಟಿಗೆ ಹಿರಿಯರ ಜೇಬಿನಲ್ಲಿರುವುದನ್ನು ಅವಲಂಬಿಸಿದೆ.

ಚಾಕು ಜೇಬಿನಲ್ಲಿದ್ದರೆ ಕೈ ಸುಮ್ಮನಿರುವುದಿಲ್ಲ. ಅದರಿಂದ ಮಾಡಬಾರದ ಕೆಲಸಗಳನ್ನೂ ಮಾಡುವ ಪ್ರಲೋಭನೆ ಇದ್ದೇ ಇದೆ. ದಾಳಿಂಬೆಯ ತೋಟವುಳ್ಳವರು ಇದನ್ನು ವಿಶೇಷವಾಗಿ ಲಕ್ಷಿಸತಕ್ಕದ್ದು. 2000ದ ನಂತರದ ವರ್ಷಗಳಲ್ಲಿ ವಿಜಯಪುರ, ಬಾಗಲಕೋಟೆ, ಕೊಪ್ಪಳ ಮುಂತಾದ ಜಿಲ್ಲೆಗಳ ದಾಳಿಂಬೆ ತೋಟಗಳನ್ನು ಹಾಳುಗೆಡವಿದ ದುಂಡಾಣು ಅಂಗಮಾರಿ ರೋಗವು ಮಳೆಹನಿಯಿಂದ ಹೇಗೋ ಹಾಗೆಯೇ ಚಾಕು ಕತ್ತರಿಗಳಿಂದಲೂ ಗಿಡದಿಂದ ಗಿಡಕ್ಕೆ ಹರಡುತ್ತದೆ. ಯಜಮಾನರು ಸಂಜೆಯ ವಿಹಾರಕ್ಕೆಂದು ತೋಟದಲ್ಲಿ ನಡೆಯುತ್ತಾ ಒಂದು ಕಡೆ ಕಪ್ಪು ಚುಕ್ಕೆಯ ಕಾಯನ್ನು ಸೀಳಿ ನೋಡಿ, ಹತ್ತು ಹೆಜ್ಜೆ ಮುಂದೆ ಆರೋಗ್ಯವಾದ ಗಿಡದ ಚಿಗುರನ್ನು ಅದೇ ಅಲಗಿನಿಂದ ಚಿವುಟಿದರೆ, ಸಾವಿರಾರು ರೂಪಾಯಿ ಖರ್ಚುಮಾಡಿ ಸಿಂಪಡಿಸಿದ ಔಷಧವೆಲ್ಲಾ ವ್ಯರ್ಥವಾದೀತು. ನಿಂಬೆಯ ಕಜ್ಜಿ ರೋಗಕ್ಕೂ ಟೊಮೆಟೋವಿನ ಮೊಸಾಯಿಕ್ ನಂಜಿಗೂ ಇದೇ ಮಾತು ಸಲ್ಲುತ್ತದೆ. ಒಂದು ಗಿಡವನ್ನು ಮುಟ್ಟಿದ ಅಲಗನ್ನು ಇನ್ನೊಂದಕ್ಕೆ ಒಯ್ಯುವ ಮೊದಲು ನೂರಕ್ಕೆ 70 ಪಾಲಿನ ಮದ್ಯಸಾರದಿಂದಲಾದರೂ, ನೂರಕ್ಕೆ ಒಂದು ಪಾಲಿನ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದಲಾದರೂ ಶುದ್ಧಿಮಾಡಬೇಕು. ಎರಡನೆಯದು ಉಕ್ಕನ್ನು ತಿನ್ನುವುದರಿಂದ ಕೆಲಸ ಮುಗಿದ ಕೂಡಲೇ ನೀರಿನಲ್ಲಿ ತೊಳೆದು ಒರೆಸಿ ಎಣ್ಣೆ ಹಚ್ಚಬೇಕು. ಕಸಿ ಕಟ್ಟುವುದಕ್ಕಂತೂ ಬೇರೆ ಚಾಕುವೇ ಬೇಕು. ಕಸಿಯ ಚಾಕುವಿನ ಅಲಗನ್ನು ಸಾಮಾನ್ಯವಾಗಿ ಒಂದೇ ಮಗ್ಗುಲಿನಿಂದ ಮಸೆದಿರುತ್ತಾರೆ; ಅದರಿಂದ ಗೊಬ್ಬರದ ಚೀಲವನ್ನು ಸೀಳಿದವನು ಕಸಿ ಕೂಡಲಿಲ್ಲವೆಂದು ಅದೃಷ್ಟವನ್ನು ಹಳಿಯಬಾರದು.

ಕರು ಹಾಕಿದಾಗ ಹೊಕ್ಕಳ ಬಳ್ಳಿಯನ್ನು ಜೇಬಿನ ಚಾಕುವಿನಿಂದ ಕೊಯ್ಯುವ ರೂಢಿಯು ಬಹಳ ಕೆಟ್ಟದ್ದು. ಸಗಣಿ ಮಣ್ಣುಗಳಲ್ಲಿ ಧನುರ್ವಾಯುವಿನ ಬೀಜಾಣುಗಳು ಇರುತ್ತವೆ. ಅವು ಅಲಗಿನ ಮಡಿಕೆಯಲ್ಲಿ ಸೇರಿಕೊಂಡಿರುವುದನ್ನು ಕಣ್ಣಿನಿಂದ ಕಾಣುವಂತಿಲ್ಲ. ಹೊಸ ಬ್ಲೇಡು, ಶುದ್ಧವಾದ ದಾರ, ಟಿಂಕ್ಚರ್ ಅಯೋಡಿನ್ ಇವನ್ನು ಕೊಟ್ಟಿಗೆಯಲ್ಲಿಯೇ ಇಟ್ಟುಕೊಂಡಿರುವುದು ಕಷ್ಟವಲ್ಲ. ಇದೇ ಕಾರಣದಿಂದ ಚಾಕು ತಗಲಿ ಗಾಯವಾದ ಮನುಷ್ಯನೂ ಧನುರ್ವಾಯುವಿನ ಲಸಿಕೆಯ ವಿಚಾರವನ್ನು ವೈದ್ಯರಲ್ಲಿ ಕೇಳಲೇಬೇಕು.

ಇದಕ್ಕಿಂತಲೂ ಘೋರವಾದುದು ಹಾವು ಕಚ್ಚಿದ ಸ್ಥಳವನ್ನು ಚಾಕುವಿನಿಂದ ಸೀಳುವುದು. ಹಿಂದಿನ ಕಾಲದ ಕೈಪಿಡಿಗಳಲ್ಲಿ ಗಾಯವನ್ನು ಕೊಯ್ದು ಪೊಟ್ಯಾಸಿಯಂ ಪರ್ಮಾಂಗನೇಟ್ ಹರಳುಗಳನ್ನು ತುಂಬಬೇಕೆಂದು ಬರೆದಿದ್ದುದರಿಂದ, ಓದಿದ ಹಿರಿಯರೇ ಇದನ್ನು ಮಾಡಿಸುತ್ತಿದ್ದರು. ಇದು ತಪ್ಪೆಂದು ಈಗ ನಿಸ್ಸಂಶಯವಾಗಿ ಗೊತ್ತಾಗಿದೆ. ಕೊಳಕುಮಂಡಲದ ವಿಷವು ರಕ್ತವು ಹೆಪ್ಪುಗಟ್ಟುವ ಶಕ್ತಿಯನ್ನೇ ಕೆಡಿಸುತ್ತದೆ. ಅಂಥ ಮೈಯನ್ನು ಕೊಯ್ದರೆ ರಕ್ತವು ನಿಲ್ಲುವುದಿಲ್ಲ, ವಿಷವೂ ಹೊರಬರುವುದಿಲ್ಲ. ಅಪಘಾತವಾದಾಗ ಊರಿನವರು ಮೊದಲು ಓಡಿಬರುವುದು ಯಜಮಾನರ ಬಾಗಿಲಿಗೇ. ಆ ಹೊತ್ತಿನಲ್ಲಿ ಅವರ ಚಾಕು ಜೇಬಿನಲ್ಲಿಯೇ ಇರಲಿ. ವಾಹನವು ಆಸ್ಪತ್ರೆಯ ಕಡೆಗೆ ಹೊರಡಲಿ. ಕಚ್ಚಿಸಿಕೊಂಡವನನ್ನು ನಡೆಯಗೊಡದೆ, ಆ ಅಂಗವನ್ನು ಅಲುಗಿಸದೆ ವಿಷಹರ ಔಷಧ ಇರುವಲ್ಲಿಗೆ ಒಯ್ಯುವುದೊಂದೇ ಉಪಾಯ.

ಅದೇ ಹಿರಿಯರು, ಮೂಗುದಾರವೋ ಕಣ್ಣಿಯೋ ಗೂಟಕ್ಕೆ ಸುತ್ತಿಕೊಂಡು ಎತ್ತೊಂದು ಉಸಿರುಗಟ್ಟಿ ಬಿದ್ದಿರುವಾಗ ಮನೆಯೊಳಕ್ಕೆ ಕುಡುಗೋಲು ಹುಡುಕಲು ಆಳನ್ನು ಕಳುಹಿಸುತ್ತಾ ನಿಂತರೆ ಎತ್ತು ಉಳಿಯುವುದಿಲ್ಲ. ನೈಲಾನ್ ಹಗ್ಗವು ಜೀವದ ಭಾರಕ್ಕೆ ಬಿಗಿದಮೇಲೆ ಗಂಟು ಬಿಚ್ಚುವ ಮಾತೇ ಇಲ್ಲ. ಹರಿತವಾದ ತೆಳು ಅಲಗನ್ನು ಕೊರಳಿನಿಂದ ದೂರಕ್ಕೆ, ಗೂಟದ ಹತ್ತಿರ ಇಟ್ಟು ನಾಲ್ಕು ಸಲ ಎಳೆದರೆ ಹಗ್ಗ ತುಂಡಾಗುತ್ತದೆ. ವರ್ಷವೆಲ್ಲಾ ಹೊತ್ತು ತಿರುಗಿದ 45 ಗ್ರಾಮಿನ ಬಾಡಿಗೆ ಆ ಒಂದು ನಿಮಿಷದಲ್ಲಿ ತೀರಿಹೋಗುತ್ತದೆ.

ಹರಿತಗೊಳಿಸುವ ವಿಷಯವಾಗಿ ಎರಡು ಮಾತು ಮಾತ್ರ. ಮೊಂಡಾದ ಚಾಕು ನಿರಪಾಯವೆಂದು ತಿಳಿಯುವುದು ತಪ್ಪು. ಮೊಂಡಾದುದಕ್ಕೆ ಹೆಚ್ಚು ಬಲ ಕೊಡಬೇಕಾಗಿ ಬಂದು ಅದು ಜಾರಿ ಕೈಯನ್ನು ಕೊಯ್ಯುತ್ತದೆ. ಸಣ್ಣ ಕಣದ ಸಾಣೆಕಲ್ಲನ್ನು ನೀರಿನಿಂದ ತೋಯಿಸಿ, ಅಲಗನ್ನು ಸುಮಾರು 20 ಅಂಶದ ಓರೆಯಲ್ಲಿಟ್ಟು, ಎರಡು ಮಗ್ಗುಲುಗಳನ್ನೂ ಸಮವಾಗಿ ಹತ್ತು ಹನ್ನೆರಡು ಸಲ ಮಸೆದು, ಹಳೆಯ ಚರ್ಮದ ಪಟ್ಟಿಯ ಮೇಲೆ ಹಿಮ್ಮುಖವಾಗಿ ಎಳೆದರೆ ಸಾಕು. ಬೀದಿಯಲ್ಲಿ ಬರುವ ಸಾಣೆಚಕ್ರಕ್ಕೆ, ಅದರಲ್ಲಿಯೂ ವಿದ್ಯುತ್ತಿನಿಂದ ತಿರುಗುವ ಚಕ್ರಕ್ಕೆ, ತೆಳುವಾದ ಅಲಗನ್ನು ಕೊಡಬಾರದು. ಕಿಡಿ ಹಾರುವುದು ನೋಡಲು ಚೆಲುವಾಗಿರುತ್ತದೆ. ಆದರೆ ಅಂಚು ಕಾದು ನೀಲಿಬಣ್ಣಕ್ಕೆ ತಿರುಗಿತೆಂದರೆ ಉಕ್ಕಿನ ಹದ ಹೋಯಿತೆಂದೇ ಅರ್ಥ. ಹಲಸು, ಬಾಳೆ ಕೊಯ್ಯುವ ಮೊದಲು ಅಲಗಿಗೆ ಎಣ್ಣೆ ಸವರಿದರೆ ಮೇಣ ಅಂಟುವುದಿಲ್ಲವೆಂಬುದನ್ನು ಮನೆಯ ಹೆಂಗಸರು ತಲೆತಲಾಂತರದಿಂದ ಬಲ್ಲರು. ಗಂಡಸರು ಅವರನ್ನು ಕೇಳಿ ಕಲಿಯಬಹುದು.

ಹಗುರವಾದ ಚಾಕುವಿಗೆ ಒಂದು ಅವಗುಣವಿರುವುದನ್ನು ಮುಚ್ಚಿಡುವಂತಿಲ್ಲ: ಅದು ಕಳೆದುಹೋದರೂ ಜೇಬಿಗೆ ಗೊತ್ತಾಗುವುದಿಲ್ಲ. ಹುಲ್ಲಿನ ಮೆದೆಯ ಬಳಿ, ಕಾಲುವೆಯ ಬದುವಿನ ಮೇಲೆ ಇಟ್ಟು ಮರೆತ ಮರದ ಹಿಡಿಯ ಚಾಕುವು ಎಲೆಕಡ್ಡಿಗಳ ಬಣ್ಣಕ್ಕೆ ಸೇರಿಹೋಗುತ್ತದೆ. ಹಿಡಿಯ ತುದಿಯಲ್ಲಿ ರಂಧ್ರವಿರುವುದನ್ನೇ ಆರಿಸಿ, ಒಂದು ಗೇಣುದ್ದದ ಕೆಂಪು ದಾರವನ್ನು ಪೋಣಿಸಿ, ಅದರ ತುದಿ ಜೇಬಿನಿಂದ ಹೊರಗೆ ಕಾಣುವಂತೆ ಬಿಡಬೇಕು. ವಿಮಾನ ಪ್ರಯಾಣಕ್ಕೆ ಹೊರಡುವ ದಿನ ಆ ದಾರವೇ ನೆನಪು ಕೊಟ್ಟು, ಚಾಕುವನ್ನು ಮನೆಯಲ್ಲಿಡುವಂತೆ ಇಲ್ಲವೇ ಕೈಚೀಲದಿಂದ ತೆಗೆದು ಸಾಮಾನಿನ ಪೆಟ್ಟಿಗೆಗೆ ಹಾಕುವಂತೆ ಮಾಡುತ್ತದೆ.